ಬಾಯಿ ಕಟ್ಟಿದ ನಲವತ್ತು ದಿನ

ಮಯೂರ್ ವಿಹಾರ್, ದೆಹಲಿ
೩೦ ಮಾರ್ಚ್ ೨೦೨೦

ಧಾರಿಣಿಗೆ,

ಇನ್ನು ನನಗೂ ನಿನಗೂ ಮಾತಿಲ್ಲ ಎಂದು ಮೂರು ವರ್ಷದ ಹಿಂದೆ ಹೇಳಿದ್ದೆ. ಅದು ಹಾಗೆಯೇ ಇದೆ. ಇದು ಮಾತಲ್ಲ, ಕಾಗದ. ಕಾಗದ ಬರೆಯುವುದಿಲ್ಲ ಎಂದು ನಾನು ಎಲ್ಲೂ ಹೇಳಿರಲಿಲ್ಲ.

ನಿನಗೆ ಎಂಟು ತಿಂಗಳು ತುಂಬಿತು ಎಂದು ತಿಳಿಯಿತು. ಯಾರು ಹೇಳಿದರು ಎಂದು ಕೇಳಬೇಡ. ನಿನ್ನ ಅಪ್ಪ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನು ಹಿಡಿದುಕೊಂಡು ಮೆಟ್ಟಿಲ ಹತ್ತಿರ ಹೋಗಿ ಪಿಸುಗುಟ್ಟುತ್ತಾರೆ. ಮೂವತ್ತನಾಲ್ಕು ವರ್ಷ ಮುದ್ರಣಾಲಯದ ಯಂತ್ರಗಳ ನಡುವೆ ಕೂತವರ ಪಿಸುಮಾತು ಮೂರು ಮಹಡಿಗೆ ಕೇಳಿಸುತ್ತದೆ. ಅವರಿಗೆ ಅದು ಗೊತ್ತಿಲ್ಲ. ನಾನೂ ಹೇಳಿಲ್ಲ.

ಬರೆಯಲು ಕಾರಣ ಬೇರೆ. ಮೊನ್ನೆ ಶನಿವಾರ ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಹೆದ್ದಾರಿಯಲ್ಲಿ ಒಂದು ವಾಹನವೂ ಇರಲಿಲ್ಲ. ನಲವತ್ತೈದು ವರ್ಷದಿಂದ ಈ ಊರಿನಲ್ಲಿದ್ದೇನೆ, ಆ ಗದ್ದಲವನ್ನೇ ದೆಹಲಿ ಎಂದುಕೊಂಡಿದ್ದೆ. ಅದು ನಿಂತ ಮೇಲೆ ದೂರದ ಗುರುದ್ವಾರದ ಪಾಠ ನಮ್ಮ ಮನೆಯೊಳಗೆ ಓದಿದ ಹಾಗೆ ಕೇಳಿಸಿತು. ಆಮೇಲೆ ಜನ ಬಂದರು. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಎಣಿಸುವ ಮಾತೇ ಇಲ್ಲ. ತಲೆಯ ಮೇಲೆ ಗಂಟು, ಬಕೆಟ್ಟು. ಒಬ್ಬನ ಹೆಗಲ ಮೇಲೆ ಟೇಬಲ್ ಫ್ಯಾನು. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಸಾಲು ಮುರಿಯಲಿಲ್ಲ. ಅಷ್ಟು ಜನ ನಡೆದರೂ ಕೂಗಿಲ್ಲ, ಜಗಳವಿಲ್ಲ. ಒಣಗಿದ ಎಲೆಯನ್ನು ಯಾರೋ ಗುಡಿಸುತ್ತಿರುವ ಹಾಗೆ ಚಪ್ಪಲಿಯ ಸದ್ದು ಮಾತ್ರ. ಈ ಊರನ್ನು ನಡೆಸುತ್ತಿದ್ದವರು ಇಷ್ಟು ಮಂದಿ ಎಂದು ನನಗೆ ತಿಳಿದಿರಲಿಲ್ಲ. ಬಿಟ್ಟು ಹೊರಟಾಗ ಕಂಡರು. ನಿಂತಲ್ಲೇ ನಿಂತು ನೋಡಿದೆ.

ಅವರ ನಡುವೆ ಒಬ್ಬಳು ದಿನ ತುಂಬಿದ ಬಸುರಿ. ಸೊಂಟಕ್ಕೆ ಕೈ ಕೊಟ್ಟು ನಡೆಯುತ್ತಿದ್ದಳು. ಮೇಲ್ಸೇತುವೆಯ ನೆರಳಿನಲ್ಲಿ ನಿಂತಳು, ಮತ್ತೆ ನಡೆದಳು. ಅವಳ ಊರು ಎಲ್ಲಿದೆಯೋ, ಬಾಣಂತನ ಯಾರು ಮಾಡುತ್ತಾರೋ. ಅವಳು ಕಣ್ಮರೆಯಾದ ಮೇಲೆ ಒಳಗೆ ಬಂದು ಪೆನ್ನು ಹುಡುಕಿದೆ.

ನಮ್ಮ ಹಾಲಿನ ಭಯ್ಯಾ ನಿಮ್ಮ ನೋಯ್ಡಾ ಕಡೆಯ ಹಳ್ಳಿಯವನು. ನಿಮ್ಮ ಸೆಕ್ಟರಿಗೂ ಹಾಲು ಹಾಕುತ್ತಾನಂತೆ. ಅವನ ಟೆಂಪೋಗೆ ಪಾಸ್ ಇದೆ. ಉತ್ತರ ಅವನ ಕೈಯಲ್ಲಿ ಕೊಡು. ಆರೋಗ್ಯ ಹೇಗಿದೆ ಎಂದು ಬರೆ. ಕನ್ನಡದಲ್ಲಿ ಬರೆ.

ಸುಶೀಲಾ ಕೇಶವಮೂರ್ತಿ


ನೋಯ್ಡಾ
4 ಏಪ್ರಿಲ್ 2020

ಅಮ್ಮಾ,

ನಿನ್ನ ಕಾಗದಕ್ಕೆ ರಜತ್ ಮೊದಲು ಇಸ್ತ್ರಿ ಹಾಕಿದರು. ಬಿಸಿಗೆ ವೈರಸ್ ಸಾಯುತ್ತದೆ ಅಂತ. ಆಮೇಲೆ ನಾನು ಓದಿದೆ. ಒಂದು ಗಂಟೆ ಹಿಡಿಯಿತು. ಭಾನುವಾರ ಊಟದ ಮೇಜಿನ ಮೇಲೆ ನೀನು ಸ್ಕೇಲ್ ಹಿಡಿದುಕೊಂಡು ಕಲಿಸಿದ ಅಕ್ಷರಗಳು ಇನ್ನೂ ನೆನಪಿವೆ, ನೋಡು. ಸ್ವಲ್ಪ ಗಡ್‌ಬಡ್ ಆದರೆ ಮಾಫ್ ಮಾಡು.

ನಾನು ಚೆನ್ನಾಗಿದ್ದೇನೆ. ಡಾಕ್ಟರ್ ಎಲ್ಲ ಸರಿ ಇದೆ ಅಂತ ಹೇಲಿದರು. ನಿನ್ನ ಮಂಡಿ ನೋವು ಜಾಸ್ತಿ ಆಗಿದೆ ಅಂತ ಅಪ್ಪ ಫೋನಿನಲ್ಲಿ ಹೇಲಿದರು. ನಿನಗೆ ಗೊತ್ತಾಗಬಾರದು ಅಂತಲೂ ಹೇಲಿದರು.

ರಜತ್‌ನ ತಾಯಿ ಮೇರಠ್‌ನಿಂದ ಬರಬೇಕಿತ್ತು, ಬಸ್ಸೂ ಇಲ್ಲ, ಟ್ರೇನೂ ಇಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾವಿಬ್ಬರೇ. ರಜತ್ ಯೂಟ್ಯೂಬ್ ನೋಡಿ ಒಂದು ನೋಟ್‌ಬುಕ್ ತುಂಬ ಬರೆದುಕೊಂಡಿದ್ದಾರೆ. ಮಗುವನ್ನು ಎತ್ತುವುದಕ್ಕೆ ಗೋಧಿ ಹಿಟ್ಟಿನ ಐದು ಕಿಲೋ ಪ್ಯಾಕೆಟ್ ಹಿಡಿದುಕೊಂಡು ಪ್ರಾಕ್ಟೀಸ್ ಮಾಡುತ್ತಾರೆ.

ನೀನು ಬಾ ಅಂತ ಕೇಳುವ ಹಕ್ಕು ನನಗೆ ಇಲ್ಲ. ಆದರೆ ನಮಗೆ ಏನೂ ಗೊತ್ತಿಲ್ಲ, ಅಮ್ಮ.

ಧಾರಿಣಿ


ಮಯೂರ್ ವಿಹಾರ್
೧೦ ಏಪ್ರಿಲ್ ೨೦೨೦

ಧಾರಿಣಿಗೆ,

ನಿನ್ನ ಕಾಗದವನ್ನು ಒಂದು ಹಗಲು ಬಿಸಿಲಿನಲ್ಲಿಟ್ಟು ಆಮೇಲೆ ತೆರೆದೆ. 'ಹೇಳಿದರು' ಎಂಬಲ್ಲಿ ಮೂರು ಕಡೆ ಳ ಬಿಟ್ಟು ಲ ಬರೆದಿದ್ದೀಯ. ಅದರ ಅರ್ಥವನ್ನು ನಾನು ನನ್ನ ಕೈಯಿಂದ ಬರೆಯುವುದಿಲ್ಲ. ನಿನ್ನ ಅಪ್ಪ ಓದಿ, "ಡಾಕ್ಟರ್ ಕಥೆ ಗೊತ್ತಿಲ್ಲ ಕಣೇ, ನಾನಂತೂ ಫೋನಿನಲ್ಲಿ ಅಂಥದ್ದೇನೂ ಮಾಡಿಲ್ಲ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಳ್ಳ ಸಿಕ್ಕಿಬಿದ್ದ ಮೇಲೆ ಈಗ ಸೋಫಾದ ಮೇಲೆ ಕೂತೇ ಫೋನು ಮಾಡುತ್ತಾರೆ.

ಬಾಣಂತನಕ್ಕೆ ನಾನು ಬರುತ್ತೇನೆ. ನಿನಗಾಗಿ ಅಲ್ಲ, ನಿನ್ನ ಗಂಡನಿಗಾಗಿ ಅಂತೂ ಅಲ್ಲವೇ ಅಲ್ಲ. ಹುಟ್ಟುವ ಮಗು ಯಾವ ತಪ್ಪನ್ನೂ ಮಾಡಿಲ್ಲ. ಈ ದೆಹಲಿಯಲ್ಲಿ ನಮ್ಮ ಕಡೆಯ ಹನ್ನೊಂದು ಹೆಣ್ಣುಮಕ್ಕಳಿಗೆ ನೀರು ಹಾಕಿದ್ದೇನೆ. ತಾಯಿ ದೂರವಿದ್ದವರಿಗೆ, ತಾಯಿಯೇ ಇಲ್ಲದವರಿಗೆ. ಒಬ್ಬಳಿಗೂ ಸೊಂಟ ನೋವು ಉಳಿದಿಲ್ಲ. ನನ್ನ ಮಗಳಿಗೆ ಯೂಟ್ಯೂಬು ನೀರು ಹಾಕಿತು ಎನ್ನಿಸಿಕೊಳ್ಳಲು ಇಷ್ಟವಿಲ್ಲ. ಬಂದರೂ ಮಾತಾಡುವುದಿಲ್ಲ, ಅದು ನೆನಪಿರಲಿ. ಮಾತಿಲ್ಲದೆಯೂ ನೀರು ಹಾಕಬಹುದು.

ನಿನ್ನ ಗಂಡನನ್ನು ನೋಡಿ ನಾಚಿಕೆ ಪಡಬೇಕಾದ್ದು ಏನಿದೆ ಎಂದು ನಿನ್ನ ಅಪ್ಪ ಕೇಳುತ್ತಾರೆ. ನಮ್ಮದೇ ಕಟ್ಟಡದ ಲಿಫ್ಟ್ ರಿಪೇರಿಗೆ ಬಂದವನು ನಮ್ಮದೇ ಮಗಳನ್ನು ಕರೆದುಕೊಂಡು ಹೋದ. ಆ ದಿನದಿಂದ ನಾನು ಲಿಫ್ಟ್ ಹತ್ತಿಲ್ಲ. ಐದು ಮಹಡಿ ಹತ್ತಿ ಇಳಿಯುತ್ತೇನೆ. ಮಂಡಿ ನೋವಿನ ಕಾರಣ ಈಗ ಗೊತ್ತಾಯಿತಲ್ಲ.

ಆಕಾಶ ನೋಡಿದೆಯಾ? ಇಷ್ಟು ನೀಲಿಯನ್ನು ನಾನು ಮದುವೆಯಾಗಿ ಬಂದ ವರ್ಷ ನೋಡಿದ್ದು. ನಿನ್ನೆ ಬೆಳಿಗ್ಗೆ ಮಾರ್ಕೆಟ್ಟಿನ ರಸ್ತೆಯ ಮಧ್ಯದಲ್ಲಿ ಎರಡು ನವಿಲು ನಡೆದು ಹೋದವು, ಬಾಡಿಗೆ ವಸೂಲಿಗೆ ಬಂದ ಮನೆಯ ಯಜಮಾನರ ಹಾಗೆ. ಮಯೂರ್ ವಿಹಾರ್ ಎಂದು ಸುಮ್ಮನೆ ಹೆಸರಿಟ್ಟಿಲ್ಲ.

ನಿನ್ನ ಅಪ್ಪ ಕಂಪ್ಯೂಟರಿನಲ್ಲಿ ಪಾಸ್‌ಗೆ ಅರ್ಜಿ ತುಂಬುತ್ತಿದ್ದಾರೆ.

ಸುಶೀಲಾ


ನೋಯ್ಡಾ
16 ಏಪ್ರಿಲ್ 2020

ಅಮ್ಮಾ,

ಹೇಳಿದರು, ಹೇಳಿದರು, ಹೇಳಿದರು. ನೂರು ಸಲ ಬರೆದೆ.

ನೀನು ಬರುತ್ತೀಯ ಅಂತ ಗೊತ್ತಾದಾಗಿನಿಂದ ರಜತ್ ನಿಂತಲ್ಲಿ ನಿಲ್ಲುವುದಿಲ್ಲ. ಬಾತ್‌ರೂಮಿನ ನಲ್ಲಿಯನ್ನು ಎರಡು ಸಲ ಬಿಚ್ಚಿ ಜೋಡಿಸಿದರು. "ಮಮ್ಮಿಜಿ ಕೂರುವುದಕ್ಕೆ ಎಷ್ಟು ಎತ್ತರದ ಸ್ಟೂಲ್ ಬೇಕು?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಮೂರು ಎತ್ತರದ್ದು ಮಾಡಿಟ್ಟಿದ್ದಾರೆ. ನಿನ್ನ ಹೆಸರು ಕೇಳಿದರೆ ಎದ್ದು ನಿಲ್ಲುತ್ತಾರೆ, ಸಚ್ಚೀ.

ಬೇಗ ಬಾ.

ಧಾರಿಣಿ


ಮಯೂರ್ ವಿಹಾರ್
೨೨ ಏಪ್ರಿಲ್ ೨೦೨೦

ಧಾರಿಣಿಗೆ,

ನಾನು ಬರುವುದಿಲ್ಲ. ನಿನ್ನೆಯಿಂದ ನೋಯ್ಡಾ ಗಡಿ ಮುಚ್ಚಿದ್ದಾರೆ. ಪಾಸ್‌ನ ಅರ್ಜಿಯೂ ತಿರಸ್ಕಾರವಾಯಿತು. ಅದರಲ್ಲಿ ಕಾರಣ ಆರಿಸಬೇಕಂತೆ. ಸಾವು ಇದೆ, ಆಸ್ಪತ್ರೆ ಇದೆ, ದಿನಸಿ ಇದೆ. ಬಾಣಂತನ ಇಲ್ಲ. ನಿನ್ನ ಅಪ್ಪ 'ಇತರೆ' ಎಂದು ಒತ್ತಿದರು. ಇತರೆಯಂತೆ!

ಮೆಟ್ರೊದಲ್ಲಿ ಮೂರು ನಿಲ್ದಾಣ. ಬಾಲ್ಕನಿಯಿಂದ ನಿಮ್ಮ ಕಡೆಯ ಕಟ್ಟಡಗಳು ಕಾಣುತ್ತವೆ, ಬಟ್ಟೆ ಒಣಹಾಕಿದ್ದೂ ಕಾಣುತ್ತದೆ. ಬೆಟ್ಟ ನದಿ ದಾಟಿ ಹೋಗಬಹುದು, ಒಂದು ಹಳದಿ ಬ್ಯಾರಿಕೇಡ್ ದಾಟಲಾಗುವುದಿಲ್ಲ. ಅರಸೀಕೆರೆಯಿಂದ ಎರಡು ಸಾವಿರ ಕಿಲೋಮೀಟರ್ ಬಂದವಳು ನಾನು. ಇಷ್ಟು ದೂರವನ್ನು ಕಂಡಿರಲಿಲ್ಲ.

ಆದ್ದರಿಂದ ಬರೆಯುತ್ತೇನೆ. ಸರಿಯಾಗಿ ಓದು. ಒಂದನ್ನೂ ಬಿಡಬಾರದು.

ಹೆರಿಗೆಯಾಗಿ ಮನೆಗೆ ಬಂದ ಮೇಲೆ ಡಾಕ್ಟರು ಸ್ನಾನ ಮಾಡಬಹುದು ಎಂದ ದಿನದಿಂದ ನೀರು. ನೆತ್ತಿಗೆ, ಬೆನ್ನಿಗೆ, ಕಾಲಿಗೆ ಬೆಚ್ಚಗಿನ ಎಣ್ಣೆ. ಬೆನ್ನಿಗೆ ಕೆಳಗಿನಿಂದ ಮೇಲೆ ತಿಕ್ಕಬೇಕು. ನೀರು ಕೈ ತಾಳುವಷ್ಟು ಬಿಸಿ ಇರಬೇಕು, ಸೊಂಟಕ್ಕೆ ಧಾರೆಯಾಗಿ ಸುರಿಯಬೇಕು. ಆಮೇಲೆ ತಲೆ ಒರೆಸಿ ಸಾಂಬ್ರಾಣಿ ಹೊಗೆ. ಹಳೆಯ ಹತ್ತಿ ಸೀರೆಯಿಂದ ಹೊಟ್ಟೆಗೆ ಬಿಗಿ. ಒಂದು ಗಂಟೆ ಮಲಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ನಲವತ್ತು ದಿನ ಬಾಯಿ ಕಟ್ಟಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ನೀನು ಬಾಯಿ ಕಟ್ಟದಿದ್ದರೆ ಅದರ ಫಲ ಮಗು ಅನುಭವಿಸುತ್ತದೆ. ಗಂಡ ನಗಲಿ, ಅಕ್ಕಪಕ್ಕದವರು ಹಳೇ ಕಾಲ ಎನ್ನಲಿ, ಕಟ್ಟಿದ ಬಾಯಿ ಬಿಚ್ಚಬೇಡ. ಚಿಕ್ಕಂದಿನಿಂದ ನಿನಗೆ ನಾನು ಹೇಳಿದ್ದನ್ನು ಕೇಳಿ ಅಭ್ಯಾಸವಿಲ್ಲ. ಇದೊಂದನ್ನು ಕೇಳು.

ಓಮ, ಶುಂಠಿ, ಮೆಣಸಿನ ಔಷಧಿಪುಡಿ ಕುಟ್ಟಿ ಡಬ್ಬಿಯಲ್ಲಿ ಕಳಿಸಿದ್ದೇನೆ. ನೀರು ಹಾಕುವವರು ಯಾರು ಎಂಬುದು ನನಗೆ ತಿಳಿಯದು. ಏನೇನು ಅಡುಗೆ ಎಂಬುದನ್ನು ನಾಳೆ ಬರೆಯುತ್ತೇನೆ, ಭಯ್ಯಾ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ.

ಅಮ್ಮ


ನೋಯ್ಡಾ
10 ಮೇ 2020

ಅಮ್ಮಾ,

ನಿನ್ನ 'ನಾಳೆ' ಬರಲೇ ಇಲ್ಲ. ನಿಮ್ಮ ಸೊಸೈಟಿಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದು ಗೇಟ್ ಸೀಲ್ ಆಯಿತು, ಭಯ್ಯಾನನ್ನೂ ಬಿಡುವುದಿಲ್ಲ ಅಂತ ಅಪ್ಪ ಹೇಳಿದರು. ದಿನಾ ಅವರು ಒಂದೇ ಪ್ರಶ್ನೆ ಕೇಳುತ್ತಾರೆ: "ಅಮ್ಮ ಬರೆದದ್ದನ್ನೆಲ್ಲ ಮಾಡುತ್ತಿದ್ದೀಯ ತಾನೆ?" ಹೂಂ, ಒಂದನ್ನೂ ಬಿಟ್ಟಿಲ್ಲ ಅನ್ನುತ್ತೇನೆ. ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತದೆ. ಅವರ ಬಾಯಲ್ಲಿ ಆ ಪ್ರಶ್ನೆ ಕೇಳಿಸುತ್ತಿರುವುದು ನೀನೇ ಅಂತ ಗೊತ್ತು.

ಮಗಳು ಹುಟ್ಟಿದ್ದು 27ಕ್ಕೆ, ಬೆಳಿಗ್ಗೆ ಎಂಟೂ ಹತ್ತಕ್ಕೆ. ಅಪ್ಪ ಹೇಳಿರುತ್ತಾರೆ. ಅವರಿಗೆ ಹೇಳದೆ ಇದ್ದದ್ದನ್ನು ನಿನಗೆ ಬರೆಯುತ್ತೇನೆ. ರಜತ್‌ನನ್ನು ಒಳಗೆ ಬಿಡಲಿಲ್ಲ. ನಾನೊಬ್ಬಳೇ. ಎಲ್ಲರೂ ಬಿಳಿ ಸೂಟು, ಕನ್ನಡಕ, ಮಾಸ್ಕು. ಯಾರು ಡಾಕ್ಟರ್, ಯಾರು ನರ್ಸ್ ಗೊತ್ತಾಗಲಿಲ್ಲ. ಒಬ್ಬರು ಹದಿನಾಲ್ಕು ಗಂಟೆ ನನ್ನ ಕೈ ಬಿಡಲಿಲ್ಲ, ಅಮ್ಮ. ಅವರ ಮುಖ ನಾನು ನೋಡಿಲ್ಲ, ನಾಳೆ ರಸ್ತೆಯಲ್ಲಿ ಎದುರಿಗೆ ಬಂದರೂ ಗುರುತು ಸಿಗುವುದಿಲ್ಲ. ಮಗು ಅತ್ತಾಗ ಅವರ ಕನ್ನಡಕದ ಒಳಗೆ ಹನಿ ನಿಂತಿತು. ಒರೆಸಿಕೊಳ್ಳುವುದಕ್ಕೆ ಆಗಲಿಲ್ಲ.

ಮನೆಯಲ್ಲಿ ನೀನು ಬರೆದ ಹಾಗೆಯೇ ನಡೆಯುತ್ತಿದೆ. ನಾನು ಕನ್ನಡ ಓದಿ ಹಿಂದಿಯಲ್ಲಿ ಹೇಳುತ್ತೇನೆ, ರಜತ್ ಮಾಡುತ್ತಾರೆ. ಎಣ್ಣೆ, ನೀರು, ಹೊಗೆ, ಬಟ್ಟೆ, ಎಲ್ಲ ಅವರೇ. ಬಾಯಿಯನ್ನೂ ಕಟ್ಟಿದ್ದೇನೆ. ಇವತ್ತಿಗೆ ಹನ್ನೊಂದು ದಿನ. ಊಟ ಮಾಡುವಾಗ ಬಿಟ್ಟರೆ ಮಾಸ್ಕ್ ತೆಗೆದಿಲ್ಲ, ಮಲಗುವಾಗಲೂ ಇಲ್ಲ. "ಮನೆಯಲ್ಲಿ ನಾವಿಬ್ಬರೇ ಅಲ್ಲವಾ, ಇದು ಯಾಕೆ?" ಅಂತ ರಜತ್ ಕೇಳಿದರು. ಅಮ್ಮ ಬರೆದಿದ್ದಾರೆ, ರಿಯಾಯಿತಿ ಇಲ್ಲ ಅಂದೆ. ಆಮೇಲೆ ಅವರೂ ಕಟ್ಟಿಕೊಂಡರು. ಕಿವಿಯ ಹಿಂದೆ ಗಾಯ ಆಗಿದೆ, ಪರವಾಗಿಲ್ಲ. ಒಂದೇ ಕಷ್ಟ ಅಂದರೆ, ಮಗು ಇನ್ನೂ ನನ್ನ ಮುಖವನ್ನು ಸರಿಯಾಗಿ ನೋಡಿಲ್ಲ. ಮುತ್ತು ಕೊಟ್ಟಿಲ್ಲ. ನಲವತ್ತು ಅಂದರೆ ನಲವತ್ತೇನಾ, ಅಥವಾ ಮೂವತ್ತು ನಡೆಯುತ್ತದಾ?

ಸಂಜೆಯಾದರೆ ಹೊಟ್ಟೆ ಗಟ್ಟಿ ಮಾಡಿಕೊಂಡು ತುಂಬಾ ಅಳುತ್ತಾಳೆ. ನಾನು ಚೆನ್ನಾಗಿಯೇ ತಿನ್ನುತ್ತಿದ್ದೇನೆ. ರಾಜ್ಮಾ, ಛೋಲೆ, ಗೋಬಿ. ಪಕ್ಕದ ಮನೆಯ ಆಂಟಿ ಕಚೋರಿ ಕೂಡ ಕಳಿಸಿದರು.

ಧಾರಿಣಿ


ಮಯೂರ್ ವಿಹಾರ್
೧೫ ಮೇ ೨೦೨೦

ಚಿ. ಸೌ. ಧಾರಿಣಿಗೆ ಆಶೀರ್ವಾದಗಳು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ನಿನ್ನೆ ಗೇಟು ತೆರೆದು ನಿನ್ನ ಕಾಗದ ಕೈಗೆ ಬಂದ ಕೂಡಲೇ ನಿನ್ನ ಅಪ್ಪನ ಕೈಯಿಂದ ಫೋನು ಕಿತ್ತುಕೊಂಡು ನಾನು ಕೂಗಿದ್ದು ನಿನ್ನ ಮೇಲಲ್ಲ. "ಪುಟ್ಟೀ, ನಿನ್ನ ತಾಯಿಗೆ ಹೇಳು, ಆ ದರಿದ್ರ ಮಾಸ್ಕನ್ನು ಈಗಲೇ ಕಿತ್ತು ಬಿಸಾಡಲಿ" ಎಂದೆ. ಅದು ಮಗುವಿಗೆ ಹೇಳಿದ್ದು. ನೀನು ಪಕ್ಕದಲ್ಲಿದ್ದು ಕೇಳಿಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ. ಇನ್ನು ಮುಂದೆಯೂ ದಿನಾ ಹತ್ತಕ್ಕೆ ಮಗುವಿನ ಜೊತೆ ಮಾತಾಡುತ್ತೇನೆ. ಸ್ಪೀಕರ್ ಹಾಕಬೇಡ ಎಂದು ನಾನು ಹೇಳಿಲ್ಲ.

ಬಾಯಿ ಕಟ್ಟುವುದು ಎಂದರೆ ಪಥ್ಯ, ಹುಚ್ಚಿ! ವಾಯು ಆಗುವಂಥದ್ದನ್ನು ತಿನ್ನದೆ ನಾಲಿಗೆಯನ್ನು ಹಿಡಿತದಲ್ಲಿಡುವುದು. ರಾಜ್ಮಾ, ಛೋಲೆ, ಗೋಬಿ, ಕಚೋರಿ. ತಿನ್ನಬಾರದ್ದನ್ನು ಹುಡುಕಿ ಹುಡುಕಿ ತಿಂದು ಮೇಲೆ ಮಾಸ್ಕು ಕಟ್ಟಿಕೊಂಡಿದ್ದೀಯ. ಇಂದಿನಿಂದ ಮೆತ್ತಗಿನ ಅನ್ನ, ತುಪ್ಪ, ಹೆಸರುಬೇಳೆ ಕಟ್ಟು, ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು. ಔಷಧಿಪುಡಿಯ ಮೊದಲ ತುತ್ತು ತುಪ್ಪದ ಜೊತೆ.

ನಿನ್ನ ಅಪ್ಪ ನಕ್ಕರು. ನಾನೂ ನಕ್ಕೆ. ಆಮೇಲೆ ಬಾಲ್ಕನಿಗೆ ಹೋಗಿ ನಿಂತೆ. ನಗು ಬರಲಿಲ್ಲ.

ಓದು ಎಂದರೆ ಡ್ಯಾನ್ಸ್ ಕ್ಲಾಸಿಗೆ ಹೋದವಳು ನೀನು. ಎಣ್ಣೆ ಹಚ್ಚಿಕೊ ಎಂದರೆ ಕೂದಲು ಕತ್ತರಿಸಿಕೊಂಡು ಬಂದೆ. ಬೇಡ ಎಂದ ಮದುವೆಯನ್ನೇ ಮಾಡಿಕೊಂಡೆ. ನನ್ನ ಮಾತಿಗೆ ನಿನ್ನಲ್ಲಿ ಕವಡೆಯ ಬೆಲೆ ಇಲ್ಲ ಎಂದು ನಂಬಿ ಮೂರು ವರ್ಷ ಕೂತಿದ್ದೆ. ಈಗ ಅರ್ಥವಾಗದ ಒಂದು ಮಾತಿಗೆ, ಯಾಕೆಂದೂ ಕೇಳದೆ, ಮೇ ತಿಂಗಳ ಈ ಸೆಕೆಯಲ್ಲಿ ಹದಿನೈದು ದಿನ ಮುಖ ಮುಚ್ಚಿಕೊಂಡಿದ್ದೀಯ. ಹೆತ್ತ ಮಗುವಿಗೆ ಮುತ್ತು ಕೊಡದೆ ಇದ್ದೀಯ. ಅದೂ ಒಂದು ಕಡೆಗಿರಲಿ. ನಿನ್ನ ಗಂಡ! ಅವನಿಗೆ ನಾನು ಬರೆದಿರಲಿಲ್ಲ. ಅವನ ಹೆಸರನ್ನು ನಾನು ಒಂದು ಕಾಗದದಲ್ಲೂ ಬರೆದಿಲ್ಲ. ಅವನೂ ಯಾಕೆ ಕಟ್ಟಿಕೊಂಡ?

ನನ್ನ ಮಾತು ಇಷ್ಟು ದೂರ ಹೋಗುತ್ತದೆ ಎಂದು ತಿಳಿದಿದ್ದರೆ ಸ್ವಲ್ಪ ಯೋಚಿಸಿ ಆಡುತ್ತಿದ್ದೆ.

ನಿನ್ನ ಅಮ್ಮ


ನೋಯ್ಡಾ
25 ಮೇ 2020

ಅಮ್ಮಾ,

ಫೋನಿನಲ್ಲಿ ನಿನ್ನ ಧ್ವನಿ ಬಂದ ಕೂಡಲೇ ಮಾಸ್ಕ್ ತೆಗೆದೆ. ಮಗು ನೋಡಿದಳು. ತುಂಬಾ ಹೊತ್ತು ನೋಡಿದಳು, ಹೊಸದಾಗಿ ಬಂದವರನ್ನು ನೋಡುವ ಹಾಗೆ. ಆಮೇಲೆ ಅವಳ ಕೈ ನನ್ನ ಮೂಗಿಗೆ ತಾಗಿತು. ರಜತ್ ತೆಗೆದಾಗ ಮಾತ್ರ ಗಡ್ಡ ನೋಡಿ ಜೋರಾಗಿ ಅತ್ತಳು. "ಥೇಟ್ ಮಮ್ಮಿಜಿ ಹಾಗೆಯೇ, ನನ್ನ ಮುಖ ಇವಳಿಗೂ ಇಷ್ಟವಿಲ್ಲ" ಅಂದರು.

ಹೊಟ್ಟೆ ಈಗ ಸರಿಯಾಗಿದೆ. ಸಾರು ರಜತ್ ಮಾಡುತ್ತಾರೆ, ಬಣ್ಣ ಮಾತ್ರ ಗ್ರೀಸ್ ಹಾಗಿರುತ್ತದೆ.

'ಸೌ.' ಅಂದರೆ ಏನು ಅಂತ ಅಪ್ಪನನ್ನು ಕೇಳಿದೆ. ಗಂಡ ಇರುವ ಹೆಣ್ಣುಮಗಳಿಗೆ ಹಿರಿಯರು ಬರೆಯುವುದು ಅಂದರು. ಆ ಸಾಲನ್ನು ಇನ್ನೊಂದು ಸಲ ಓದಿದೆ.

ಇನ್ನೊಂದು ವಿಷಯ ನಿನಗೆ ಹೇಳಬಾರದು ಅಂತ ರಜತ್ ಆಣೆ ಹಾಕಿಸಿದ್ದಾರೆ. ಆಣೆ ಹೇಳುವುದಕ್ಕೆ ಅಲ್ಲವಾ, ಬರೆಯುವುದಕ್ಕೆ ಅಲ್ಲ. ಗಡಿ ಮುಚ್ಚಿದ ಮೇಲೆ ಅವರು ಮೂರು ಬೆಳಿಗ್ಗೆ ಬ್ಯಾರಿಕೇಡ್ ಹತ್ತಿರ ಹೋಗಿ ನಿಂತಿದ್ದರು. ಅತ್ತೆಯನ್ನು ಕರೆದುಕೊಂಡು ಬರಬೇಕು ಅಂತ ಕೇಳಿದರಂತೆ. ಪೊಲೀಸಿನವನು, "ಅರೇ ಭಾಯಿ, ಅತ್ತೆ ಬರದಿರಲಿ ಅಂತ ಜನ ಲಾಕ್‌ಡೌನ್‌ಗೆ ಕೈ ಮುಗಿಯುತ್ತಿದ್ದಾರೆ, ನೀನು ಕರೆಯೋಕೆ ಹೊರಟಿದ್ದೀಯಾ? ತಲೆ ಸರಿ ಇದೆಯಾ?" ಅಂದನಂತೆ. ಮೂರನೆಯ ದಿನ ಅವನೇ ಚಹಾ ಕೊಟ್ಟು ವಾಪಸ್ ಕಳಿಸಿದ.

ನೀನು 'ಕೈ ತಾಳುವಷ್ಟು ಬಿಸಿ' ಅಂತ ಬರೆದಿದ್ದೆ. ರಜತ್‌ನ ಕೈ ಹದಿನೈದು ವರ್ಷ ಲಿಫ್ಟಿನ ಕಬ್ಬಿಣದ ಹಗ್ಗ ಹಿಡಿದ ಕೈ, ಅದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿದಿನ ಮೊದಲ ಮಗ್ ನೀರನ್ನು ತಮ್ಮ ಪಾದದ ಮೇಲೆ ಸುರಿದುಕೊಳ್ಳುತ್ತಾರೆ. ಆಮೇಲೆ ನನಗೆ. ಎರಡು ಸಲ ಪಾದ ಕೆಂಪಾಗಿ ಬೊಬ್ಬೆ ಬಂತು. ಏನಾಯಿತು ಅಂದರೆ ಚಪ್ಪಲಿ ಕಚ್ಚಿತು ಅಂದರು. ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಯಾವ ಚಪ್ಪಲಿ, ಅಮ್ಮ?

ಧಾರಿಣಿ


ಮಯೂರ್ ವಿಹಾರ್
೭ ಜೂನ್ ೨೦೨೦

ಚಿ. ಸೌ. ಧಾರಿಣಿ,

ಇದು ನಿನಗಲ್ಲ. ನಿನ್ನ ಗಂಡನಿಗೆ. ನನ್ನ ಹಿಂದಿ ತರಕಾರಿ ಚೌಕಾಸಿಯ ಹಿಂದಿ, ಅದರಲ್ಲಿ ಗೌರವದ ಮಾತು ಇಲ್ಲ. ಆದ್ದರಿಂದ ನನ್ನ ಭಾಷೆಯಲ್ಲಿ ಬರೆದಿದ್ದೇನೆ. ನೀನು ಒಂದೊಂದೇ ಸಾಲು ಓದಿ ಹೇಳು. ಅರ್ಥವಾಗದ ಮಾತಿಗೆ ಊಹೆ ಮಾಡಬೇಡ, ಅಪ್ಪನನ್ನು ಕೇಳು.

ಅಳಿಯಂದಿರಾದ ರಜತ್ ಅವರಿಗೆ ಸುಶೀಲಾ ಮಾಡುವ ಆಶೀರ್ವಾದಗಳು.

ಮೊನ್ನೆ ಶುಕ್ರವಾರಕ್ಕೆ ನಲವತ್ತು ದಿನ ತುಂಬಿತು. ಗಡಿ ಇನ್ನೂ ತೆರೆದಿಲ್ಲ. ತೆರೆದ ದಿನ ನಾನು ಬರುತ್ತೇನೆ, ಆದರೆ ಬಾಣಂತನಕ್ಕೆ ಅಲ್ಲ. ಅದು ಮುಗಿಯಿತು. ನೀವು ಮುಗಿಸಿದಿರಿ.

ನಾನು ಹನ್ನೊಂದು ಬಾಣಂತನ ಮಾಡಿದ್ದೇನೆ. ಆ ಹೆಮ್ಮೆ ನನಗಿದೆ. ಆದರೆ ಒಂದು ದಿನವಾದರೂ ಮೊದಲ ಚೊಂಬನ್ನು ನನ್ನ ಕಾಲಿಗೆ ಸುರಿದುಕೊಂಡು ನೋಡಿದವಳಲ್ಲ. ನನ್ನ ಅಮ್ಮ ನೋಡಲಿಲ್ಲ, ಅವಳ ಅಮ್ಮ ನೋಡಲಿಲ್ಲ. ನಮಗೆ ಎಲ್ಲ ಗೊತ್ತಿತ್ತು, ಅದಕ್ಕೆ. ಗೊತ್ತಿಲ್ಲದ ನಿಮಗೆ ಇದು ತೋಚಿತು. ಧಾರಿಣಿಯ ಕಾಗದ ಓದಿ ಎರಡು ದಿನ ನಾನು ಮನೆಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ಕೋಪದಿಂದ ಅಲ್ಲ. ಏನು ಮಾತಾಡಬೇಕೋ ತಿಳಿಯಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬಾಣಂತನ ಮುಗಿದ ದಿನ ನೀರು ಹಾಕಿದವಳಿಗೆ ಹೆಣ್ಣಿನ ತಾಯಿ ಸೀರೆ ಉಡಿಸಿ ಕಳಿಸಬೇಕು. ಗಂಡಸು ನೀರು ಹಾಕಿದರೆ ಏನು ಕೊಡಬೇಕು? ಅರಸೀಕೆರೆಯಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿ ಕೇಳಿದೆ. ಎಂಬತ್ತೊಂದು ವರ್ಷದವಳು. "ಹಾಗೂ ಉಂಟೇನೇ?" ಎಂದಳು. ಆಮೇಲೆ, "ಮೊದಲ ನೀರನ್ನು ಎಲ್ಲಿಗೆ ಸುರಿದುಕೊಂಡನಂತೆ, ಮತ್ತೆ ಹೇಳು" ಎಂದಳು. ಹೇಳಿದೆ. ಅವಳು ಅಲ್ಲಿ, ನಾನು ಇಲ್ಲಿ, ಇಬ್ಬರು ಮುದುಕಿಯರು ಫೋನು ಹಿಡಿದುಕೊಂಡು ನೆನಪಿದ್ದ ಬಾಣಂತನಗಳನ್ನೆಲ್ಲ ತಡಕಿದೆವು. ಇದಕ್ಕೆ ಪದ್ಧತಿ ಇಲ್ಲ. ಯಾರೂ ಇದನ್ನು ಕಂಡಿಲ್ಲ.

ಪಂಚೆ ಕೊಡು ಎಂದು ನಮ್ಮ ಯಜಮಾನರು ಹೇಳಿದರು. ಪಂಚೆ ಅಳಿಯನಿಗೆ ಕೊಡುವುದು. ಅದನ್ನು ನಾನು ಮೂರು ವರ್ಷದ ಹಿಂದೆಯೇ ಕೊಡಬೇಕಾಗಿತ್ತು, ನನ್ನ ಹಟದಿಂದ ಕೊಡಲಿಲ್ಲ. ಬಂದಾಗ ಕೊಡುತ್ತೇನೆ. ಇದು ಬೇರೆಯ ಲೆಕ್ಕ.

ಸೀರೆಯನ್ನೇ ಭಯ್ಯಾನ ಕೈಯಲ್ಲಿ ಕಳಿಸಿದ್ದೇನೆ. ಹಸಿರು ಬಣ್ಣ, ಕೆಂಪು ಅಂಚು. ಅಂಗಡಿ ತೆರೆದ ಮೊದಲ ದಿನ ಬಿಸಿಲಿನಲ್ಲಿ ಸಾಲು ನಿಂತು ನಾನೇ ಆರಿಸಿ ತಂದದ್ದು. ನಿಮ್ಮ ಕಪಾಟಿನಲ್ಲಿ, ನಿಮ್ಮ ಬಟ್ಟೆಗಳ ಜೊತೆ ಇಟ್ಟುಕೊಳ್ಳಿ. ಧಾರಿಣಿ ಉಡಲು ಕೇಳುತ್ತಾಳೆ. ಕೊಡಬೇಡಿ. ಅದು ಅವಳದ್ದಲ್ಲ, ನಿಮ್ಮದು.

ಸುಶೀಲಾ